ಕಾಲದ ಲೆಕ್ಕ ಯಾರದು?

ಕೊಯಮತ್ತೂರು, ತಿರುಪ್ಪೂರುಗಳ ನಡುವಣ ಕರುಮತ್ತಂಪಟ್ಟಿಯದು ನೂಲು, ನೇಯ್ಗೆಗಳ ಸೀಮೆ. ಈ ಸೀಮೆಯ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಪದ್ಧತಿ ಬೆಳೆದಿತ್ತು: ಅವಿವಾಹಿತ ಹುಡುಗಿಯರು ಮೂರು ವರ್ಷ ದುಡಿದರೆ ಕೊನೆಗೆ ಮದುವೆಗೆಂದು ಇಡಿಗಂಟು. ಅವರ ಯೌವನದ ಲೆಕ್ಕ ಬರೆದವರು ಅನ್ಯರು. ಹೆಸರು ಮಾತ್ರ ಮಂಗಳಕರ. ಇಂದು ತನ್ನ ಅಂಡಾಣುಗಳನ್ನು ಶೈತ್ಯಾಗಾರದಲ್ಲಿ ಕಾಯ್ದಿರಿಸುವ ಹೆಣ್ಣಿಗೆ ‘ಸ್ವಾರ್ಥಿ’ ಎಂಬ ಹೆಸರು.

ಮಾನವಶಾಸ್ತ್ರಜ್ಞೆ ಮಾರ್ಸಿಯಾ ಇನ್‌ಹಾರ್ನ್ ಅಮೆರಿಕದಲ್ಲಿ ಮಾತನಾಡಿಸಿದ ಇಂಥ ಮಹಿಳೆಯರಲ್ಲಿ ಹೆಚ್ಚಿನವರು ಹೇಳಿದ ಕಾರಣ ವೃತ್ತಿಯ ಹಂಬಲವಲ್ಲ, ತಕ್ಕ ಸಂಗಾತಿಯ ಅಭಾವ. ನಮ್ಮ 2021ರ ಕಾಯ್ದೆಯು ಅವಿವಾಹಿತೆಗೂ ಈ ಬಾಗಿಲು ತೆರೆದಿದೆ. ಸಂಗ್ರಹದ ಮಿತಿ 10 ವರ್ಷ. ಶೈತ್ಯಾಗಾರವು ಮಗುವಿಗೆ ಖಾತರಿಯಲ್ಲ. ಅದರ ವೆಚ್ಚ ಗಿರಣಿಯ ಹುಡುಗಿಗೆ ನಿಲುಕದು. ಆದರೂ ತನ್ನ ಕಾಲದ ಲೆಕ್ಕವನ್ನು ತಾನೇ ಬರೆಯುವ ಹಕ್ಕು ಇಬ್ಬರಿಗೂ ಸಮಾನ.