ಸದ್ದು ಮಾಡದ ಪೆಟ್ಟಿಗೆಯೇ ನಿಜವಾದ ಹೀರೋ!

ಅಭಿಮಾನಿ ಮಿತ್ರರೆ, ಈ ವಾರ ಮುಹೂರ್ತದ ಸುದ್ದಿ, ಔಟ್‌ಡೋರ್ ಸುದ್ದಿ ಎಲ್ಲಕ್ಕೂ ಸ್ವಲ್ಪ ರಜೆ. ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ಎಷ್ಟೋ ಪತ್ರಗಳದ್ದು ಒಂದೇ ಪಲ್ಲವಿ: “ಸಾರ್, ನಾನೂ ಟ್ಯೂನ್ ಹಾಕ್ತೀನಿ, ಹಾಡ್ತೀನಿ. ಮನೆಯಲ್ಲೇ ರೆಕಾರ್ಡ್ ಮಾಡೋಕೆ ಒಂದು ಕಂಪ್ಯೂಟರ್ ಜೋಡಿಸ್ಕೋಬೇಕು. ಕೈಯಲ್ಲಿ ಕಾಸು ಕಮ್ಮಿ. ಏನೇನು ಕೊಳ್ಳಲಿ?”

ಕೇಳಿ, ಧಾರಾಳವಾಗಿ ಕೇಳಿ! ಒಂದು ಕಾಲದಲ್ಲಿ ಕನ್ನಡ ಚಿತ್ರಕ್ಕೆ ಹಾಡು ಬೇಕೆಂದರೆ ಮದರಾಸಿನ ರೈಲು ಹತ್ತಬೇಕಿತ್ತು. ಆ ಪರದಾಟ ತಪ್ಪಲೆಂದು ನಮ್ಮ ಶಂಕರ್ ನಾಗ್ ಬೆಂಗಳೂರಿನಲ್ಲೇ ‘ಸಂಕೇತ್’ ಸ್ಟುಡಿಯೋ ಕಟ್ಟಿದರು. ಎ.ಆರ್. ರೆಹಮಾನ್ ಮನೆಯ ಹಿತ್ತಲಲ್ಲಿ ಕಟ್ಟಿಕೊಂಡ ಸ್ಟುಡಿಯೋದಿಂದಲೇ 1992ರಲ್ಲಿ ‘ರೋಜಾ’ ಹಾಡುಗಳು ಹೊರಬಂದವು. ಈಗ ಆ ಹಿತ್ತಲೂ ಬೇಡ, ಮೇಜಿನ ಕೆಳಗಿನ ಒಂದು ಪೆಟ್ಟಿಗೆ ಸಾಕು. ಆದರೆ ಆರಿಸುವಾಗ ಎಡವಿದರೆ? ಎಡವಿದವನೇ ಹೇಳ್ತಾ ಇದ್ದೀನಿ, ಕೇಳಿ.

2018ನೇ ಇಸವಿ. ಎರಡು ವರ್ಷ ಕೂಡಿಟ್ಟ ದುಡ್ಡು ಜೇಬಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ, ಕಣ್ಣಿಡಲು ಮಾತ್ರ ಬೇಕಾದಷ್ಟು ಜಾಗ! ಗಾಜಿನ ಪಕ್ಕೆಯ ಕ್ಯಾಬಿನೆಟ್, ಒಳಗೆ ಕೆಂಪು ನೀಲಿ ದೀಪ, ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್. ಬಿದ್ದೆ ನೋಡಿ ಅದರ ಥಳಕಿಗೆ! ಅರ್ಧ ದುಡ್ಡು ಅಲ್ಲೇ ಹೋಯ್ತು. ಉಳಿದದ್ದರಲ್ಲಿ ಹೆಸರಿಲ್ಲದ ಪವರ್ ಸಪ್ಲೈ, ಹಳೆಯ ನಮೂನೆಯ ಹಾರ್ಡ್ ಡಿಸ್ಕ್, ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸುವ ಅಗ್ಗದ ಮೈಕ್.

ಊರಿಗೆ ತಂದು ಜೋಡಿಸಿ, ಯುಗಾದಿಯ ಮರುದಿನ ಅಮ್ಮನನ್ನು ಕೂರಿಸಿದೆ. ನಮ್ಮಮ್ಮ ಸೋಬಾನೆ ಹಾಡುವುದರಲ್ಲಿ ಎತ್ತಿದ ಕೈ. ನಮ್ಮೂರಲ್ಲಿ ಅವಳ ದನಿಯಿಲ್ಲದೆ ಮದುವೆಯಿಲ್ಲ. ನಾಲ್ಕು ಹಾಡು ಹಾಡಿದಳು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಎದೆ ಧಸಕ್ಕೆಂದಿತು. ಮೊದಲು ಹಾಡುತ್ತಿದ್ದದ್ದು ಫ್ಯಾನು, ಆಮೇಲೆ ಅಮ್ಮ! ಹಿಂದೆ ‘ಗುಂಯ್’ ಎಂದು ಕರೆಂಟಿನ ತಂಬೂರಿ ಬೇರೆ. ಸದ್ದು ತೆಗೆಯುವ ಸಾಫ್ಟ್‌ವೇರ್ ಹಚ್ಚಿದೆ. ಸದ್ದಿನ ಜತೆ ಅಮ್ಮನ ದನಿಯೂ ಸವೆದು, ಬಾವಿಯೊಳಗಿಂದ ಹಾಡಿದ ಹಾಗಾಯಿತು. “ಇರ್ಲಿ ಬಿಡು, ಮುಂದಿನ ಯುಗಾದಿಗೆ ಇನ್ನೊಂದ್ಸಲ ಹಾಡ್ತೀನಿ” ಅಂದಳು.

ಮುಂದಿನ ಯುಗಾದಿಗೆ ಅಮ್ಮ ಇರಲಿಲ್ಲ.

ಆದ್ದರಿಂದ ಮಿತ್ರರೆ, ನನ್ನ ಮೊದಲ ಮಾತು ಇದು. ರೆಕಾರ್ಡಿಂಗ್ ಕಂಪ್ಯೂಟರಿಗೆ ಬೇಕಾದ ಗುಣ ಎರಡೇ. ಒಂದು, ಬಾಯಿ ಮುಚ್ಚಿಕೊಂಡಿರಬೇಕು. ಎರಡು, ಕರೆದ ತಕ್ಷಣ ಓಗೊಡಬೇಕು. ಉಳಿದದ್ದೆಲ್ಲ ಬರೀ ಪೋಸ್ಟರು!

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಹತ್ತಿರ ಹತ್ತು ರೂಪಾಯಿ ಇದೆಯೆಂದರೆ ನಾಲ್ಕು ರೂಪಾಯಿ ಮೈಕು, ಆಡಿಯೋ ಇಂಟರ್‌ಫೇಸು, ಹೆಡ್‌ಫೋನಿಗೆಂದು ಮೊದಲೇ ಗಂಟು ಕಟ್ಟಿ ಎತ್ತಿಡಿ. ಅಂಗಡಿಯವನು ಅಣ್ಣಾ ಅಂದರೂ ಆ ಗಂಟು ಬಿಚ್ಚಬೇಡಿ. ಪೆಟ್ಟಿಗೆ ಉಳಿದ ಆರರಲ್ಲೇ ಆಗಬೇಕು.

ಮೊದಲು ಪ್ರೊಸೆಸರ್. ಒಂದು ಟ್ರ್ಯಾಕಿಗೆ ನೀವು ಪೋಣಿಸುವ ಎಫೆಕ್ಟುಗಳು ಒಂದರ ಹಿಂದೆ ಒಂದು ಸಾಲಾಗಿ ನಡೆಯಬೇಕು. ಆ ಸಾಲನ್ನು ಹೆಚ್ಚಾಗಿ ಒಂದೇ ಕೋರ್ ಎಳೆಯುತ್ತದೆ. ಹಾಗಾಗಿ ಹದಿನಾರು ಮಂದಗತಿಯ ಕೋರ್‌ಗಳಿಗಿಂತ ಆರು ಚುರುಕು ಕೋರ್ ಮೇಲು. 2021ರಲ್ಲಿ ಬಂದ ರೈಜನ್ 5 5600ಜಿ, 2022ರಲ್ಲಿ ಬಂದ ಕೋರ್ ಐ5 12400, ಇವೆರಡೂ ಆರು ಕೋರಿನವು. ಹಳತಾದರೂ ಈ ಕೆಲಸಕ್ಕೆ ಧಾರಾಳ ಸಾಕು, ಎರಡರೊಳಗೂ ಗ್ರಾಫಿಕ್ಸ್ ಇದೆ. ಒಂದು ಎಚ್ಚರಿಕೆ: 12400ರ ಹಿಂದೆ ‘ಎಫ್’ ಅಕ್ಷರ ಇದ್ದರೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಅಗ್ಗ ಅಂತ ಅದನ್ನು ತಂದರೆ ಪರದೆ ಕತ್ತಲೆ! ಇನ್ನು ಬೇರೆ ಗ್ರಾಫಿಕ್ಸ್ ಕಾರ್ಡೇ? ವಿಡಿಯೋ ಎಡಿಟಿಂಗ್, ಆಟ ಬೇಡವೆಂದಾದರೆ ಒಂದು ಪೈಸೆಯನ್ನೂ ಹಾಕಬೇಡಿ. ಹಾಡಿಗೆ ಅದರಿಂದ ಬರುವುದು ಫ್ಯಾನಿನ ಸದ್ದು ಮಾತ್ರ.

ಮೆಮೊರಿ 16 ಜಿಬಿ ಇರಲಿ, ಅದೂ 8ರ ಎರಡು ಪಟ್ಟಿ. ಜೋಡಿಯಾಗಿದ್ದರೆ ವೇಗ ಹೆಚ್ಚು. ತಬಲ, ವಯಲಿನ್ ಎಂದು ಕಂಪ್ಯೂಟರಿನೊಳಗಿನ ವಾದ್ಯಗಳನ್ನು ಸಾಲಾಗಿ ನುಡಿಸುವ ಆಸೆಯಿದ್ದರೆ 32 ಬೇಕಾದೀತು. 2025ರ ಕೊನೆಯಲ್ಲಿ ಮೆಮೊರಿ ಬೆಲೆ ಗಗನಕ್ಕೇರಿದ್ದು ನೆನಪಿರಲಿ. ಪಟ್ಟಿ ಸಿಕ್ಕಿಸಲು ನಾಲ್ಕು ಕಿಂಡಿ ಇರುವ ಮದರ್‌ಬೋರ್ಡ್ ತಂದರೆ, ಈಗ ಎರಡು ಹಾಕಿ, ಮುಂದೆ ಕೈಗೆ ಕಾಸು ಬಂದಾಗ ಇನ್ನೆರಡು ಹಾಕಬಹುದು.

ಸಂಗ್ರಹಕ್ಕೆ ಎಸ್‌ಎಸ್‌ಡಿಯೇ ಇರಲಿ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಆದ್ದರಿಂದ ಸದ್ದೂ ಇಲ್ಲ. ಎಷ್ಟು ದೊಡ್ಡದು ಬೇಕು? ಲೆಕ್ಕ ಹಾಕಿ. ಸೆಕೆಂಡಿಗೆ 48,000 ಸ್ಯಾಂಪಲ್, ಒಂದೊಂದೂ 24 ಬಿಟ್ ಎಂದರೆ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡು, ಹದಿನಾರು ಟ್ರ್ಯಾಕು ಎಂದರೂ 700 ಎಂಬಿ ದಾಟಲ್ಲ. 500 ಜಿಬಿ ಸಾಕು ಮಾರಾಯ್ರೇ! ಉಳಿದ ದುಡ್ಡಲ್ಲಿ ಹೊರಗಿನ ಡಿಸ್ಕೊಂದು ತಂದು ಪ್ರತಿ ರಾತ್ರಿ ನಕಲು ತೆಗೆದಿಡಿ. ಒಂದೇ ಕಡೆ ಇರುವ ಹಾಡು ಇಲ್ಲದ ಹಾಡಿಗೆ ಸಮಾನ.

ಪವರ್ ಸಪ್ಲೈನಲ್ಲಿ ಜಿಪುಣತನ ಬೇಡ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪೆಟ್ಟಿಗೆಗೆ ಹೆಸರುಳ್ಳ ಕಂಪನಿಯ 450 ವಾಟ್ ಸಾಕಷ್ಟಾಯಿತು. ಕ್ಯಾಬಿನೆಟ್ಟಿನಲ್ಲಿ ದೀಪ ನೋಡಬೇಡಿ, ಗಾಳಿಯ ದಾರಿ ನೋಡಿ. 120 ಮಿ.ಮೀ. ಫ್ಯಾನ್ ನಿಧಾನವಾಗಿ ತಿರುಗಿ ತಳ್ಳುವಷ್ಟು ಗಾಳಿಯನ್ನು ತಳ್ಳಲು ಚಿಕ್ಕ ಫ್ಯಾನ್ ಭರ್ರೆಂದು ಕಿರುಚಬೇಕಾಗುತ್ತದೆ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದಲ್ಲ, ಆ ಗುಂಯ್‌ಕಾರ ಅರ್ಥಿಂಗ್ ಕೆಟ್ಟಿದ್ದರೆ ನೇರ ಹಾಡಿನೊಳಗೇ ಬಂದು ಕೂರುತ್ತದೆ. ಅಮ್ಮನ ಹಾಡಿನ ಹಿಂದಿನ ತಂಬೂರಿ ಅದೇ.

ಇನ್ನು ಎತ್ತಿಟ್ಟ ನಾಲ್ಕು ರೂಪಾಯಿ. ಯುಎಸ್‌ಬಿಗೆ ಸಿಕ್ಕಿಸುವ ಆಡಿಯೋ ಇಂಟರ್‌ಫೇಸ್ ಒಂದು ಬೇಕೇ ಬೇಕು. ಓಗೊಡುವ ಗುಣ ಹೆಚ್ಚಾಗಿ ಇದರ ಮತ್ತು ಇದರ ಡ್ರೈವರಿನ ಕೈಯಲ್ಲಿದೆ. ಸಾಫ್ಟ್‌ವೇರಿನಲ್ಲಿ ‘ಬಫರ್’ ಎಂದೊಂದು ಇರುತ್ತದೆ. ಅದನ್ನು 1024ಕ್ಕೆ ಇಟ್ಟರೆ ಒಂದು ದಿಕ್ಕಿಗೇ 21 ಮಿಲಿ ಸೆಕೆಂಡ್ ತಡ. ಏಳು ಮೀಟರ್ ಆಚೆ ಕೂತವನ ಮೃದಂಗ ಕೇಳಿ ಹಾಡಿದ ಹಾಗೆ! ತಾಳ ಜಾರದೆ ಇನ್ನೇನು? 128ಕ್ಕೆ ಇಳಿಸಿದರೆ ಮೂರು ಮಿಲಿ ಸೆಕೆಂಡೂ ಇಲ್ಲ, ಮೃದಂಗ ತೊಡೆಯ ಪಕ್ಕಕ್ಕೆ ಬಂತು. ಹಾಡುವಾಗ 128, ಮಿಕ್ಸಿಂಗ್ ಮಾಡುವಾಗ 1024, ಇಷ್ಟು ನೆನಪಿಡಿ. ನಡುವೆ ‘ಟಪ್ ಟಪ್’ ಸಿಡಿದರೆ ವೈಫೈ ಆರಿಸಿ ನೋಡಿ, ಎಷ್ಟೋ ಸಲ ಅದೇ ಕಳ್ಳ.

ಮೈಕಿನ ವಿಷಯ. ಗೋಡೆಗೆ ರಜಾಯಿ ಕಟ್ಟದ, ಕಿಟಕಿಯಾಚೆ ಆಟೋ ಓಡುವ ಮನೆಗೆ ಅತಿ ಸೂಕ್ಷ್ಮದ ಕಂಡೆನ್ಸರ್ ಮೈಕ್ ಬೇಡ. ಎಲ್ಲವನ್ನೂ ಕೇಳಿಸಿಕೊಂಡುಬಿಡುತ್ತದೆ. ಡೈನಾಮಿಕ್ ಮೈಕ್ ತನ್ನಿ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ವೇದಿಕೆ ಬಿಟ್ಟಿಳಿದಿಲ್ಲ. ಇದು ಎದುರಿನ ದನಿಯನ್ನು ಹಿಡಿಯುತ್ತದೆ, ಬೆನ್ನ ಹಿಂದಿನದಕ್ಕೆ ಕಿವುಡು. ಆದ್ದರಿಂದ ಮೈಕಿನ ಬೆನ್ನು ಸದಾ ಪೆಟ್ಟಿಗೆಯ ಕಡೆಗಿರಲಿ. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದಿರಲಿ, ಇಲ್ಲದಿದ್ದರೆ ಅದರ ಸದ್ದೇ ಮೈಕಿಗೆ ಸೋರುತ್ತದೆ.

ಇಷ್ಟಕ್ಕೂ ಕಾಸಿಲ್ಲವೇ? ಆಫೀಸುಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನೋಡಿ. ದೀಪವಿಲ್ಲ, ಗಾಜಿಲ್ಲ, ಹೆಚ್ಚಿನವು ಸದ್ದೂ ಮಾಡಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದರ ಮೇಲಿನದನ್ನೇ ಆರಿಸಿ. ಸಾಫ್ಟ್‌ವೇರಿಗೆ ಕಳ್ಳ ಕಾಪಿ ಹುಡುಕಬೇಡಿ. ಆಡಾಸಿಟಿ ಪುಕ್ಕಟೆ. ರೀಪರ್ 60 ದಿನ ಪುಕ್ಕಟೆಯಾಗಿ ಪರೀಕ್ಷಿಸಿ ನೋಡಬಹುದು.

ನನ್ನ ಗಾಜಿನ ಪೆಟ್ಟಿಗೆ ಏನಾಯ್ತು ಅಂತೀರಾ? ಗ್ರಾಫಿಕ್ಸ್ ಕಾರ್ಡ್ ಮಾರಿ ಇಂಟರ್‌ಫೇಸೂ ಮೈಕೂ ತಂದೆ. ಅದೇ ಪೆಟ್ಟಿಗೆ ಈಗ ಮೌನಿಬಾಬಾ! ಅಕ್ಕನ ಮಗಳು ಅದರ ಮುಂದೆ ಕೂತು ಅಜ್ಜಿಯ ಸೋಬಾನೆ ಹಾಡ್ತಾಳೆ. ಉಸಿರೆಳೆದುಕೊಳ್ಳುವುದೂ ಕೇಳುತ್ತೆ. ಚೆನ್ನಾಗಿಯೇ ಹಾಡ್ತಾಳೆ. ಆದರೂ ರಾತ್ರಿ ನಾನು ಕೇಳುವುದು ಫ್ಯಾನಿನ ಹಿಂದಿರುವ ಆ ನಾಲ್ಕು ಹಾಡುಗಳನ್ನೇ.

ಹಾಗಾಗಿ ಕೊನೆಯ ಮಾತು. ಪೆಟ್ಟಿಗೆ ಆಗುವವರೆಗೂ ಕಾಯಬೇಡಿ. ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಈ ಭಾನುವಾರವೇ ಮೇಲಿನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಜೇಬಿನ ಮೊಬೈಲನ್ನೇ ಎದುರಿಗಿಟ್ಟು ಹಾಡಿಸಿ. ಗಲಾಟೆಯ ದೊಡ್ಡ ಕಂಪ್ಯೂಟರಿಗಿಂತ ನಿಶ್ಶಬ್ದದಲ್ಲಿಟ್ಟ ಮೊಬೈಲು ಮೇಲು. ಕಂಪ್ಯೂಟರ್ ಮುಂದಿನ ಯುಗಾದಿಗೂ ಅಂಗಡಿಯಲ್ಲಿರುತ್ತೆ.

ಬರಲೇ? ಮುಂದಿನ ವಾರ ಸಿಗೋಣ. ಅಷ್ಟರೊಳಗೆ ಯಾರ ದನಿ ಹಿಡಿದಿರಿ ಅಂತ ಒಂದು ಕಾರ್ಡು ಹಾಕಿ!