ಒಡೆದ ಹಂಚು ಮತ್ತು ಸಹಿ ಮಾಡಿದ ಚೀಟಿ



ಪಿತ್ರಾರ್ಜಿತವಾದ ನಮ್ಮ ಮನೆಯ ಮಾಡನ್ನು ಮಳೆಗಾಲಕ್ಕೆ ಮುನ್ನವೇ ದುರಸ್ತಿಗೊಳಿಸಬೇಕೆಂದು ಕಳೆದ ಬೇಸಗೆಯಲ್ಲಿ 2,000 ಮಂಗಳೂರು ಹಂಚುಗಳನ್ನು ತರಿಸಿದೆವು. ಲಾರಿಯಿಂದ ಇಳಿಸಿ ಎಣಿಸುತ್ತಿರಲಾಗಿ, ಅಡಿಯ ಸಾಲುಗಳಲ್ಲಿ ಒಡೆದವು, ಮೂಲೆ ಮುಕ್ಕಾದವು, ಬೆರಳಿನಿಂದ ತಟ್ಟಿದರೆ ಕಂಚಿನ ನಾದಕ್ಕೆ ಬದಲಾಗಿ ಒಡಕು ದನಿ ಹೊರಡಿಸುವ ಬಿರುಕಿನವು ಎಲ್ಲವೂ ಸೇರಿ 310 ಹಂಚುಗಳು ನಿರುಪಯುಕ್ತವೆಂದು ಕಂಡುಬಂದಿತು. ಚಾಲಕನು ಒಡ್ಡಿದ ಚೀಟಿಗೆ ನಮ್ಮ ವೃದ್ಧ ತಂದೆಯವರು ಸಹಿ ಮಾಡಿದ್ದರೆಂಬ ಒಂದೇ ಕಾರಣದಿಂದ ಪೂರೈಕೆದಾರರು ಹೊಣೆಯನ್ನೇ ನಿರಾಕರಿಸಿದರು. ಇದು ಅನ್ಯಾಯ.

ಕೊಳ್ಳುವವನು ಮುಂಚಿತವಾಗಿ ನೋಡಿರದ ಸರಕನ್ನು, ಪರೀಕ್ಷಿಸಲು ಯುಕ್ತ ಅವಕಾಶ ದೊರೆಯುವವರೆಗೆ, ಅವನು ಅಂಗೀಕರಿಸಿದನೆಂದು ಭಾವಿಸತಕ್ಕದ್ದಲ್ಲವೆಂದು 1930ರ ಸರಕು ಮಾರಾಟ ಅಧಿನಿಯಮದ 41ನೆಯ ಪ್ರಕರಣವು ವಿಧಿಸಿದೆ. ಇದನ್ನು ಉಲ್ಲೇಖಿಸಿ, ಛಾಯಾಚಿತ್ರಗಳನ್ನೂ ರಸೀದಿಯ ಪ್ರತಿಯನ್ನೂ ಲಗತ್ತಿಸಿ, 15 ದಿನಗಳ ಗಡುವಿನೊಡನೆ ಸ್ವೀಕೃತಿ ಸಹಿತವಾದ ಅಂಚೆಯಲ್ಲಿ ಪತ್ರ ಬರೆದೆನು. ಒಡೆದ ಹಂಚುಗಳನ್ನು ಎಸೆಯದೆ ಸಾಕ್ಷ್ಯವಾಗಿ ಅಂಗಳದಲ್ಲಿಯೇ ಪೇರಿಸಿಟ್ಟೆನು. 12ನೆಯ ದಿನ ಅಷ್ಟೂ ಹೊಸ ಹಂಚುಗಳು ಬಂದವು; ಸಾಗಣೆಯ ವೆಚ್ಚವನ್ನೂ ಅವರೇ ಭರಿಸಿದರು.

ಅವರು ಒಪ್ಪದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದನ್ವಯ ನಮ್ಮ ಜಿಲ್ಲೆಯ ಆಯೋಗದಲ್ಲಿಯೇ 2 ವರ್ಷಗಳೊಳಗೆ ದೂರು ಸಲ್ಲಿಸುವ ಮಾರ್ಗವಿದ್ದಿತು. ತೆತ್ತ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮನೆ ಕಟ್ಟಿಸುವ, ದುರಸ್ತಿ ಮಾಡಿಸುವ ಬಾಂಧವರು ಚೀಟಿಗೆ ಸಹಿ ಮಾಡುವಾಗ ‘ಸರಕನ್ನು ಇನ್ನೂ ಪರೀಕ್ಷಿಸಿಲ್ಲ’ ಎಂದು ಕೈಯಾರೆ ಬರೆದು, ಅದರ ಪ್ರತಿಯೊಂದನ್ನು ತಮ್ಮಲ್ಲಿ ಇರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಸಾಗರ