ಇಂಗಿನ ದಾರಿ ಮುಚ್ಚಿದಾಗ: ಅಡುಗೆಮನೆಗೆ ತಟ್ಟುವ ಗಡಿ ಬಿಕ್ಕಟ್ಟು

ಈರುಳ್ಳಿ, ಬೆಳ್ಳುಳ್ಳಿ ಬಳಸದ ಜೈನ ಮನೆಗಳಲ್ಲಿ ಸಾರು, ಹುಳಿ, ಪಲ್ಯಗಳ ಘಮ ನಿಂತಿರುವುದು ಇಂಗಿನ ಒಗ್ಗರಣೆಯ ಮೇಲೆ. ಆ ಇಂಗಿನ ಮೂಲ ಸರಕು ಮಾತ್ರ ಹೊರದೇಶದ್ದು. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಭಾರತ ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗು ತರಿಸಿಕೊಳ್ಳುತ್ತದೆ. ಉತ್ತರ ಪ್ರದೇಶದ ಹಾಥರಸ್ ಮೊದಲಾದ ಕಡೆ ಅದಕ್ಕೆ ಹಿಟ್ಟು, ಗೋಂದು ಬೆರೆಸಿ ಅಡುಗೆಗೆ ಹದಗೊಳಿಸುತ್ತಾರೆ. ಅಂಗಡಿಯಲ್ಲಿ ಹತ್ತು ಹೆಸರಿನ ಡಬ್ಬಿಗಳಿದ್ದರೂ ಅವುಗಳ ಬೇರು ಈ ಎರಡು ಮೂರು ದೇಶಗಳಲ್ಲೇ ಇದೆ.

ಇದರ ಅಪಾಯ ಈಚಿನ ವರ್ಷಗಳಲ್ಲಿ ಎರಡು ಬಾರಿ ಕಂಡಿತು. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಪಾಕಿಸ್ತಾನದ ಮೂಲಕ ಸರಕು ಬರುವುದು ನಿಂತಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಅಟ್ಟಾರಿ ಗಡಿ ಮುಚ್ಚಿ, ಅಫ್ಘನ್ ಸರಕಿನ ಲಾರಿಗಳು ದಾರಿಯಲ್ಲೇ ಸಿಲುಕಿದವು. ಮೇ ತಿಂಗಳಲ್ಲಿ ವಿಶೇಷ ಅನುಮತಿ ದೊರೆತ ಮೇಲೆ ಕೆಲವು ಒಳಬಂದವು.

ಪರ್ಯಾಯಗಳು ಇಲ್ಲವೆಂದಲ್ಲ. 2017ರ ಜೂನ್‌ನಲ್ಲಿ ಕಾಬೂಲ್‌ನಿಂದ ದೆಹಲಿಗೆ ಬಂದ ಮೊದಲ ಸರಕು ವಿಮಾನದ 60 ಟನ್‌ನಲ್ಲಿ ಹೆಚ್ಚಿನ ಪಾಲು ಇಂಗೇ ಆಗಿತ್ತು. ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಸರಕು ವಿಮಾನದ ಬಾಡಿಗೆಯನ್ನು ತಾಳಿಕೊಳ್ಳಬಲ್ಲದು. ಇರಾನಿನ ಚಾಬಹಾರ್ ಬಂದರು ಇನ್ನೊಂದು ದಾರಿ. ಆದರೆ ಅದರ ಮೇಲೆ ಅಮೆರಿಕದ ನಿರ್ಬಂಧಗಳ ನೆರಳಿದೆ.

ದೇಶದಲ್ಲೇ ಬೆಳೆಯುವ ಪ್ರಯತ್ನವೂ ನಡೆದಿದೆ. ಪಾಲಂಪುರದ ಸಿಎಸ್ಐಆರ್ ಸಂಸ್ಥೆ 2020ರ ಅಕ್ಟೋಬರ್ 15ರಂದು ಹಿಮಾಚಲದ ಲಾಹೌಲ್ ಕಣಿವೆಯ ಕ್ವಾರಿಂಗ್ ಗ್ರಾಮದಲ್ಲಿ ಮೊದಲ ಸಸಿ ನೆಟ್ಟಿತು. ಶೀತ, ಒಣ ಹವೆಯಲ್ಲಿ ಮಾತ್ರ ಬರುವ ಈ ಗಿಡ ಫಲ ಕೊಡಲು ಸುಮಾರು ಐದು ವರ್ಷ ಬೇಕು. ಆದ್ದರಿಂದ ಆಮದಿನ ಅಗತ್ಯ ಬೇಗ ತಪ್ಪುವುದಿಲ್ಲ.

ಅಲ್ಲಿಯವರೆಗೆ ಇಂಗಿನ ವ್ಯಾಪಾರಿಗಳು ಒಂದೇ ದೇಶವನ್ನು, ಒಂದೇ ದಾರಿಯನ್ನು ನಂಬದೆ ಖರೀದಿಯನ್ನು ಹಂಚಿಕೊಳ್ಳುವುದು ಲೇಸು. ಕುಟುಂಬಗಳಿಗೆ ಅಪರಿಗ್ರಹ ವ್ರತವೇ ಅಳತೆಗೋಲು. ಕೆಲವು ತಿಂಗಳ ಬಳಕೆಗೆ ಇಟ್ಟುಕೊಳ್ಳುವುದು ಮುಂಜಾಗ್ರತೆ. ಗಡಿ ಮುಚ್ಚಿದ ಸುದ್ದಿ ಕೇಳಿ ವರ್ಷಕ್ಕಾಗುವಷ್ಟು ತುಂಬಿಕೊಳ್ಳುವುದು ಸಂಗ್ರಹದ ಮೋಹ. ಅದರಿಂದ ಬೆಲೆ ಏರುತ್ತದೆ, ಕಲಬೆರಕೆಗೆ ದಾರಿಯಾಗುತ್ತದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಶ್ರಾವಕರ ಮನೆ, ಕೊರತೆಯ ಕಾಲದಲ್ಲಿ ನೆರೆಮನೆಯ ಪಾಲನ್ನೂ ಉಳಿಸುತ್ತದೆ.